ಇಂಟ್ರೋ ಯಾಕೆ ಸ್ಟಾರ್ಟ್ ಆಗುತ್ತಿಲ್ಲ? ಕ್ರೀಡಾಪಟುವಿನ ಸಂದರ್ಶನಕ್ಕೊಂದು ದೋಷ ನಿವಾರಣೆ ಕೈಪಿಡಿ

ಸಂದರ್ಶನ ಮುಗಿದಿದೆ. ಫೋನಿನಲ್ಲಿ 43 ನಿಮಿಷದ ರೆಕಾರ್ಡಿಂಗ್ ಇದೆ. ನೋಟ್‌ಬುಕ್ಕಿನಲ್ಲಿ ಹನ್ನೊಂದು ಪುಟ ತುಂಬಿದೆ. ಫೋಟೊನೂ ಬಂದಿದೆ. ಆದರೆ ಮೊದಲ ಪ್ಯಾರಾ ಮಾತ್ರ ಬರುತ್ತಿಲ್ಲ. ಒಂದು ಸಾಲು ಬರೆಯುವುದು, ಅಳಿಸುವುದು. ಎದ್ದು ಹೋಗಿ ಟೀ ಕುಡಿದು ಬಂದು, ಅಳಿಸಿದ ಸಾಲನ್ನೇ ಮತ್ತೆ ಬರೆಯುವುದು.

ಈ ಕಾಯಿಲೆಯ ಹಳೇ ರೋಗಿ ನಾನು. ದಾವಣಗೆರೆಯಲ್ಲಿ ಕೂತು ಇಲ್ಲಿನ ಮತ್ತು ಚಿತ್ರದುರ್ಗದ ಆಟಗಾರರನ್ನು ಮಾತಾಡಿಸಿ ಬರೆಯುತ್ತೇನೆ. ಓಟ, ಕುಸ್ತಿ, ಖೋ-ಖೋ ಜಾಸ್ತಿ. ಕ್ರಿಕೆಟ್ ಕಮ್ಮಿ, ಅದಕ್ಕೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಸಂದರ್ಶನ ಲೇಖನದ ಮೊದಲ ಪ್ಯಾರಾಕ್ಕೆ ಪೀಠಿಕೆ ಅಂತ ಒಳ್ಳೆಯ ಹೆಸರಿದೆ. ಆದರೆ ಪತ್ರಿಕೆಯ ಡೆಸ್ಕಿನಲ್ಲಿ ಎಲ್ಲರೂ ಅನ್ನುವುದು ಇಂಟ್ರೋ ಅಂತಲೇ, ನಾನೂ ಹಾಗೇ ಅನ್ನುತ್ತೇನೆ. ನಾನು ಕೆಡಿಸಿದ ಇಂಟ್ರೋಗಳೇ ನನಗೆ ಒಂದು ತಪಾಸಣೆ ಕ್ರಮ ಕಲಿಸಿವೆ. ಅದನ್ನು ಇಲ್ಲಿ ಇಡುತ್ತಿದ್ದೇನೆ.

ಮೊದಲು ನೋಡಿ: ಕೆಟ್ಟಿರುವುದು ಇಂಟ್ರೋನೇ ಹೌದಾ?

ಸುಮಾರು ಸಲ ಅಲ್ಲ. ಇಂಟ್ರೋ ಜಾಗವನ್ನು ಖಾಲಿ ಬಿಟ್ಟು ಎರಡನೇ ಪ್ಯಾರಾದಿಂದ ಶುರು ಮಾಡಿ. ಅರ್ಧ ಗಂಟೆ ಬರೆಯಿರಿ. ಬರವಣಿಗೆ ಸಲೀಸಾಗಿ ಹೋಯಿತಾ? ಹಾಗಾದರೆ ತೊಂದರೆ ಇಂಟ್ರೋದಲ್ಲಿ ಮಾತ್ರ ಇದೆ. ಕೆಳಗಿನ ಲಕ್ಷಣಗಳಲ್ಲಿ ಯಾವುದು ಹೊಂದುತ್ತದೆ ನೋಡಿಕೊಳ್ಳಿ.

ಅಲ್ಲೂ ಬರವಣಿಗೆ ನಿಂತುಹೋದರೆ ಇಂಟ್ರೋ ರಿಪೇರಿ ಮಾಡಿ ಪ್ರಯೋಜನವಿಲ್ಲ. ಈ ಲೇಖನ ಯಾವುದರ ಬಗ್ಗೆ ಅನ್ನುವುದೇ ನಿಮಗೆ ಇನ್ನೂ ಗೊತ್ತಿಲ್ಲ. "ಆ ಹುಡುಗಿಯ ಬಗ್ಗೆ" ಅನ್ನುವುದು ಉತ್ತರ ಅಲ್ಲ. ಅವಳ ಯಾವ ಸಂಗತಿಯ ಬಗ್ಗೆ?

ಇದಕ್ಕೆ ನನ್ನ ಹತ್ತಿರ ಒಂದು ಉಪಾಯ ಇದೆ. ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಗೆಳೆಯನೊಬ್ಬನಿದ್ದಾನೆ. ಅವನಿಗೆ ಆಟದ ಗಂಧಗಾಳಿ ಇಲ್ಲ. ಸಂಜೆ ಅವನಿಗೆ ಮಂಡಕ್ಕಿ, ಮೆಣಸಿನಕಾಯಿ ಕೊಡಿಸಿ ಸಂದರ್ಶನದ ವಿಷಯವನ್ನೆಲ್ಲ ಹೇಳುತ್ತೇನೆ. ಪದಕದ ಮಾತು ಬಂದರೆ ತಟ್ಟೆ ನೋಡುತ್ತಾನೆ. ಪರಿಶ್ರಮದ ಮಾತು ಬಂದರೆ ಇನ್ನೊಂದು ಮೆಣಸಿನಕಾಯಿ ತರಿಸುತ್ತಾನೆ. ಯಾವ ಮಾತಿಗೆ ಕೈ ನಿಲ್ಲಿಸಿ "ಅಂದ್ರೆ? ಯಾಕೆ?" ಅಂತಾನೋ, ಅದನ್ನು ಅಲ್ಲೇ ಪೊಟ್ಟಣದ ಕಾಗದದ ಮೇಲೆ ಗುರುತು ಹಾಕಿಕೊಳ್ಳುತ್ತೇನೆ. ಆಟ ಗೊತ್ತಿರುವವರ ಮೇಲೆ ಈ ಪರೀಕ್ಷೆ ನಡೆಯುವುದಿಲ್ಲ. ಅವರು ಎಲ್ಲದಕ್ಕೂ ತಲೆ ಆಡಿಸುತ್ತಾರೆ.

ಲಕ್ಷಣ: ಇಂಟ್ರೋ ಯಾರಿಗೆ ಬೇಕಾದರೂ ಹೊಂದುತ್ತದೆ

ಎಲ್ಲಕ್ಕಿಂತ ಜಾಸ್ತಿ ಕಾಣಿಸುವ ದೋಷ ಇದು. ಪರೀಕ್ಷೆ ಸುಲಭ. ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿ. ಉಳಿದದ್ದನ್ನು ಓದಿ. ಬೇರೆ ಆಟಗಾರನ ಹೆಸರು ಹಾಕಿದರೂ ನಡೆಯುತ್ತದೆ ಅನ್ನಿಸಿದರೆ ದೋಷ ಸಿಕ್ಕಿತು.

ಇದು ನಾನೇ ಬರೆದದ್ದು: "ಸಾಧನೆಗೆ ಬಡತನ ಅಡ್ಡಿಯಲ್ಲ ಎಂಬುದಕ್ಕೆ ಬೆಣ್ಣೆ ನಗರಿಯ ಈ ಕುವರಿಯೇ ಸಾಕ್ಷಿ. ಛಲ, ಪರಿಶ್ರಮ, ಆತ್ಮವಿಶ್ವಾಸ ಇದ್ದರೆ ಏನನ್ನಾದರೂ ಸಾಧಿಸಬಹುದು ಎಂದು ಈಕೆ ತೋರಿಸಿಕೊಟ್ಟಿದ್ದಾಳೆ." ಹೆಸರು ಮುಚ್ಚಿ ನೋಡಿ. ಓಟಗಾರ್ತಿಗೂ ಸರಿ, ಈಜುಗಾರ್ತಿಗೂ ಸರಿ, ಕೆಎಎಸ್ ಪಾಸಾದವರಿಗೂ ಸರಿ.

ನಮ್ಮ ಕಡೆ ಈ ದೋಷಕ್ಕೆ ಊರಿನ ಬಿರುದುಗಳೂ ಕಾರಣ. ದಾವಣಗೆರೆ ಅಂದರೆ ಬೆಣ್ಣೆ ನಗರಿ, ಚಿತ್ರದುರ್ಗ ಅಂದರೆ ಕೋಟೆ ನಾಡು ಅಥವಾ ಓಬವ್ವನ ನಾಡು. ಕೈ ತಾನಾಗೇ ಟೈಪ್ ಮಾಡುತ್ತದೆ. ಕೋಟೆಯ ಕಿಂಡಿಯಲ್ಲಿ ಒನಕೆ ಹಿಡಿದು ನಿಂತ ಓಬವ್ವನನ್ನು ನಾನು ಎಷ್ಟು ಹುಡುಗಿಯರ ಪಕ್ಕ ನಿಲ್ಲಿಸಿದ್ದೇನೋ ಲೆಕ್ಕ ಇಲ್ಲ. ಒಂದು ಸಲ ಚೆಸ್ ಆಡುವ ಹುಡುಗಿಯ ಕೈಗೂ ಒನಕೆ ಕೊಟ್ಟಿದ್ದೇನೆ. ತೂಕ ಇಳಿಸಲು ಒದ್ದಾಡುತ್ತಿದ್ದ ಪೈಲ್ವಾನನೊಬ್ಬನನ್ನು "ಬೆಣ್ಣೆ ನಗರಿಯ ಕುವರ" ಅಂತ ಕರೆದಿದ್ದೇನೆ. ಅವನು ಬೆಣ್ಣೆ ದೋಸೆಯ ಕಡೆ ತಿರುಗಿ ನೋಡಿಯೇ ಒಂದೂವರೆ ತಿಂಗಳಾಗಿತ್ತು.

ಕಾರಣ ಏನು? ಪದಗಳ ಕೊರತೆ ಅಂತ ನಾನೂ ಅಂದುಕೊಂಡಿದ್ದೆ. ಅದು ತಪ್ಪು ರೋಗನಿರ್ಣಯ. ಆ ತಪ್ಪು ಹೇಗೆ ಗೊತ್ತಾಯಿತು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಒಂದು ಕೇಸು: 814 ಮೀಟರ್

800 ಮೀಟರ್ ಓಡುವ ಪಿಯುಸಿ ಹುಡುಗಿ. ಒಂದು ಮಣ್ಣಿನ ಟ್ರ್ಯಾಕ್‌ನಲ್ಲಿ ಅಭ್ಯಾಸ. ನಾನು ಇಂಟ್ರೋವನ್ನು ಒಂಬತ್ತು ಸಲ ಬರೆದೆ. ಮೇಲಿನ "ಕುವರಿ" ಅದರಲ್ಲಿ ಮೊದಲನೆಯದು. ಆಮೇಲೆ "ಪರಿಶ್ರಮ" ತೆಗೆದು "ಬೆವರು" ಹಾಕಿದೆ. "ಛಲ" ತೆಗೆದು "ಹಠ" ಹಾಕಿದೆ. ಪೇಂಟ್ ಬದಲಾಯಿತು, ಎಂಜಿನ್ ಅದೇ. ಡೆಸ್ಕಿನ ಹಿರಿಯರು ಓದಿ, "ಏನಪ್ಪಾ, ಈ ಹುಡುಗಿ ಓಡ್ತಾಳೋ, ಭಾಷಣ ಮಾಡ್ತಾಳೋ?" ಅಂದರು. ಬೇಜಾರಾಯಿತು. ಆದರೆ ಅವರು ಕೇಳಿದ್ದು ಸರಿಯಾಗಿತ್ತು. ಆ ಇಂಟ್ರೋದಲ್ಲಿ ಓಟವೇ ಇರಲಿಲ್ಲ.

ರಾತ್ರಿ ನೋಟ್‌ಬುಕ್ ಮತ್ತೆ ತೆಗೆದೆ. ಏಳನೇ ಪುಟದಲ್ಲಿ ಅರ್ಧ ಸಾಲು: "ಒಳ ಲೇನ್ ಗುಂಡಿ. 2ನೇದು." ಮೈದಾನದ ಅವ್ಯವಸ್ಥೆ ಬಗ್ಗೆ ದೂರು ಅಂದುಕೊಂಡು ಗೀಚಿದ್ದೆ. ರೆಕಾರ್ಡಿಂಗ್ ಹಾಕಿದೆ. ಅವಳ ಮಾತು ಹೀಗಿತ್ತು:

"ಒಳಗಿನ ಲೇನ್ ತುಂಬಾ ಗುಂಡಿ ಬಿದ್ದೈತ್ರಿ ಸಾರ್. ಮಳೆ ಬಂದ್ರೆ ನೀರು ನಿಲ್ತೈತಿ, ಕಾಲು ತಿರುಚ್ತೈತಿ. ಅದ್ಕೆ ನಾನು ಯಾವಾಗ್ಲೂ ಎರಡ್ನೇ ಲೇನ್‌ನಾಗೇ ಓಡೋದು. ಬೆಂಗಳೂರಿನಾಗ ಮೊದಲ್ನೇ ಸಲ ಸಿಂಥೆಟಿಕ್ ಮೇಲೆ ಓಡಿದಾಗ ಟೈಮ್ ಭಾಳ ಕಮ್ಮಿ ಬಂತು. ವಾಚ್ ಕೆಟ್ಟೈತಿ ಅನ್ಕೊಂಡೆ."

ಅದಾದ ತಕ್ಷಣ ರೆಕಾರ್ಡಿಂಗ್‌ನಲ್ಲಿ ನನ್ನ ದನಿ: "ಸರಿ, ನಿಮ್ಮ ರೋಲ್ ಮಾಡೆಲ್ ಯಾರು?"

ಅದನ್ನು ಕೇಳಿ ನನಗೇ ನಾಚಿಕೆ ಆಯಿತು. ಹುಡುಗಿ ಇಂಟ್ರೋವನ್ನು ಕೈಗೇ ಕೊಟ್ಟಿದ್ದಳು. ನಾನು ಪಕ್ಕಕ್ಕಿಟ್ಟು ಪಟ್ಟಿಯ ಮುಂದಿನ ಪ್ರಶ್ನೆಗೆ ಹೋಗಿದ್ದೆ. ಎರಡನೇ ಲೇನ್‌ನಲ್ಲಿ ಒಂದು ಸುತ್ತು ಅಂದರೆ 400 ಮೀಟರ್ ಅಲ್ಲ. ತಿರುವು ದೊಡ್ಡದು, ಸುತ್ತು ಉದ್ದ. ಅಂದರೆ ಈ ಹುಡುಗಿ ದಿನಾ 800ಕ್ಕಿಂತ ಜಾಸ್ತಿ ಓಡಿ 800 ಅಂತ ಬರೆದುಕೊಳ್ಳುತ್ತಿದ್ದಾಳೆ.

ಎಷ್ಟು ಜಾಸ್ತಿ? ಲೇನ್ ಅಗಲ 1.22 ಮೀಟರ್. ನಾನು ಅದನ್ನು ಎರಡು ಪೈಯಿಂದ ಗುಣಿಸಿದೆ. ಸುತ್ತಿಗೆ 7.66 ಮೀಟರ್ ಬಂತು, ಎರಡು ಸುತ್ತಿಗೆ ಸುಮಾರು 15. ಖುಷಿಯಿಂದ "815 ಮೀಟರ್" ಅಂತ ಬರೆದೂಬಿಟ್ಟೆ. ಬೆಳಗ್ಗೆ ಯಾಕೋ ಅನುಮಾನ ಬಂದು ಪರಿಚಯದ ಪಿಟಿ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಒಳ ಅಂಚಿಗೆ ಕಟ್ಟೆ ಐತೋ, ಬರೀ ಸುಣ್ಣದ ಗೆರೆನೋ?"

ಅದರಿಂದ ಏನಾಗುತ್ತದೆ ಅಂದರೆ, ಟ್ರ್ಯಾಕ್‌ನ ಒಳ ಅಂಚು ಎತ್ತರಿಸಿದ್ದರೆ ಮೊದಲ ಲೇನ್‌ನ ಉದ್ದವನ್ನು ಅಂಚಿನಿಂದ 30 ಸೆಂಟಿಮೀಟರ್ ಹೊರಗೆ ಅಳೆಯುತ್ತಾರೆ. ಓಡುವವರು ಕಟ್ಟೆಗೆ ಕಾಲು ತಾಗದ ಹಾಗೆ ಅಷ್ಟು ದೂರ ಇರುತ್ತಾರೆ ಅನ್ನುವ ಲೆಕ್ಕ. ಬರೀ ಗೆರೆ ಇದ್ದ ಕಡೆ 20 ಸೆಂಟಿಮೀಟರ್ ಸಾಕು. ಎರಡನೇ ಲೇನ್‌ನಿಂದ ಆಚೆಗೆ ಎಲ್ಲಾ 20ರ ಲೆಕ್ಕವೇ. ಕಟ್ಟೆ ಇದ್ದರೆ ಎರಡು ಲೇನ್‌ಗಳ ಓಡುದಾರಿಯ ನಡುವಿನ ಅಂತರ 1.22 ಅಲ್ಲ, 1.12 ಮೀಟರ್. ಹಾಗಾಗಿ ಎರಡನೇ ಲೇನ್‌ನ ಸುತ್ತು 407.04 ಮೀಟರ್ ಆಗುತ್ತದೆ. ಮತ್ತೆ ಮೈದಾನಕ್ಕೆ ಹೋಗಿ ನೋಡಿದೆ. ಹಳೇ ಇಟ್ಟಿಗೆಯ ಅಂಚು ಇತ್ತು. ಅಲ್ಲಲ್ಲಿ ಹುಲ್ಲು ಮುಚ್ಚಿತ್ತು, ಆದರೆ ಇತ್ತು. ಪಿಟಿ ಮೇಷ್ಟ್ರೇ ಟೇಪ್ ತಂದು ಲೇನ್ ಅಗಲ ಹಿಡಿದು ನೋಡಿದರು. ಎರಡು ಸುತ್ತಿಗೆ 14 ಮೀಟರ್ ಜಾಸ್ತಿ.

ಕೊನೆಗೆ ಹೋದ ಇಂಟ್ರೋ ಇದು:

"ಈ ಹುಡುಗಿ ದಿನಾ 800 ಮೀಟರ್ ಅಂತ ಓಡುವುದು ನಿಜವಾಗಿ 814 ಮೀಟರ್. ಅಭ್ಯಾಸದ ಮಣ್ಣಿನ ಟ್ರ್ಯಾಕ್‌ನಲ್ಲಿ ಒಳಗಿನ ಲೇನ್ ಗುಂಡಿ ಬಿದ್ದಿದೆ. ಹಾಗಾಗಿ ಎರಡನೇ ಲೇನ್ ಹಿಡಿಯುತ್ತಾಳೆ. ಬೆಂಗಳೂರಿನ ಸಿಂಥೆಟಿಕ್ ಟ್ರ್ಯಾಕ್‌ನಲ್ಲಿ ಮೊದಲ ಸಲ ಓಡಿ, ತನ್ನ ಸಮಯ ಎಷ್ಟು ಅಂತ ಕೇಳಿದಾಗ ಅವಳಿಗೆ ಅನ್ನಿಸಿದ್ದು ಒಂದೇ: ವಾಚ್ ಕೆಟ್ಟಿದೆ."

ಹೆಸರು ಮುಚ್ಚಿ ನೋಡಿ. ಬೇರೆ ಯಾರಿಗೂ ಹೊಂದುವುದಿಲ್ಲ. ಬಡತನ ಅನ್ನುವ ಪದ ಇಲ್ಲ, ಛಲ ಅನ್ನುವ ಪದ ಇಲ್ಲ, ಎರಡೂ ಕಾಣುತ್ತವೆ. ಮಂಡಕ್ಕಿ ಅಂಗಡಿಯಲ್ಲಿ ನನ್ನ ಗೆಳೆಯ "ಅಂದ್ರೆ?" ಅಂತ ಕೈ ನಿಲ್ಲಿಸಿದ.

ಇಲ್ಲೊಂದು ಎಚ್ಚರಿಕೆ. ಇಂಥದ್ದು ಸಿಕ್ಕಾಗ ಕೈ ಜಾರುತ್ತದೆ. "ಆ 14 ಮೀಟರ್‌ನಿಂದಲೇ ಅವಳು ಗೆದ್ದಳು" ಅಂತ ಬರೆಯುವ ಆಸೆ ಆಗುತ್ತದೆ. ಬೇಡ. 800 ಮೀಟರನ್ನು 2 ನಿಮಿಷ 20 ಸೆಕೆಂಡ್‌ನಲ್ಲಿ ಮುಗಿಸುವ ವೇಗದಲ್ಲಿ ಓಡಿದರೆ 14 ಮೀಟರ್‌ಗೆ ಬೇಕಾಗುವುದು ಎರಡೂವರೆ ಸೆಕೆಂಡ್ ಅಷ್ಟೇ. ಅವಳಿಗೆ ಬೆಂಗಳೂರಿನಲ್ಲಿ ಕಮ್ಮಿಯಾದದ್ದು ಆರು ಸೆಕೆಂಡ್. ಉಳಿದದ್ದು ಸಿಂಥೆಟಿಕ್ ಟ್ರ್ಯಾಕ್‌ನಿಂದ, ಸ್ಪೈಕ್ಸ್ ಅಂದರೆ ಮುಳ್ಳಿನ ಶೂಗಳಿಂದ, ಪಕ್ಕದಲ್ಲಿ ಓಡುವವರು ಇದ್ದದ್ದರಿಂದ. ಅದನ್ನು ನಾಲ್ಕನೇ ಪ್ಯಾರಾದಲ್ಲಿ ಬರೆದೆ. ಇಂಟ್ರೋದಲ್ಲಿ ಅವಳಿಗೆ ಏನನ್ನಿಸಿತು ಅಷ್ಟಕ್ಕೆ ನಿಲ್ಲಿಸಿದೆ.

ಲಕ್ಷಣ: ಬಡತನದಿಂದಲೇ ಶುರುವಾಗುತ್ತದೆ

ಸೋರುವ ಮನೆ, ಕೂಲಿ ಮಾಡುವ ಅಪ್ಪ, ಹರಿದ ಶೂ. ನಮ್ಮ ಕಡೆಯ ಆಟಗಾರರಲ್ಲಿ ಸುಮಾರು ಜನರ ಮನೆ ಪರಿಸ್ಥಿತಿ ಹೀಗೇ ಇರುತ್ತದೆ. ಅದನ್ನು ಬರೆಯಲೇಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಇಂಟ್ರೋದಲ್ಲಿ ಅದೇ ಬಂದರೆ ಎರಡು ತೊಂದರೆ ಇದೆ. ಒಂದು, ಓದುವವರು ಇದನ್ನು ನೂರು ಸಲ ಓದಿದ್ದಾರೆ. ಎರಡನೆಯದನ್ನು ನನಗೆ ಹೇಳಿಕೊಟ್ಟದ್ದು ಒಬ್ಬ ತಾಯಿ.

ಹಳೇ ಮಾತು. ಒಬ್ಬ ಪೈಲ್ವಾನನ ಬಗ್ಗೆ ಬರೆದಿದ್ದೆ. ಇಂಟ್ರೋ ತುಂಬಾ ಮಳೆ ನೀರು, ಮನೆಯೊಳಗೆ ಇಟ್ಟ ಪಾತ್ರೆಗಳು. ನನಗೇ ಕಣ್ಣು ಒದ್ದೆಯಾಗುವಷ್ಟು ಚೆನ್ನಾಗಿ ಬಂದಿದೆ ಅಂತ ಬೀಗಿದ್ದೆ. ಪತ್ರಿಕೆ ಕೊಡೋಣ ಅಂತ ಮನೆಗೆ ಹೋದರೆ ಅವನ ಅವ್ವ ಟೀ ಕೊಟ್ಟರು, ಬೈಯಲಿಲ್ಲ. "ಮನೆ ಸೋರ್ತಿತ್ತಪ್ಪಾ, ಸುಳ್ಳಲ್ಲ. ಆದ್ರೆ ಅವನು ಗೆದ್ದಿದ್ದು ಮನೆ ಸೋರ್ತಿದ್ದಕ್ಕಲ್ಲ. ಈಗ ಓಣಿ ಮಂದಿಯೆಲ್ಲ ಮಾಡು ರಿಪೇರಿ ಆತೇನು ಅಂತ ಕೇಳ್ತಾರ" ಅಂದರು. ಕುಸ್ತಿ ಬಗ್ಗೆ ಒಬ್ಬರೂ ಕೇಳಿರಲಿಲ್ಲ.

ಅದರಿಂದ ಒಂದು ಪರೀಕ್ಷೆ ಹುಟ್ಟಿತು. ಇಂಟ್ರೋವನ್ನು ಆ ಆಟಗಾರನ ಮನೆಯವರ ಮುಂದೆ ಗಟ್ಟಿಯಾಗಿ ಓದುತ್ತೀರಿ ಅಂದುಕೊಳ್ಳಿ. ಯಾವ ಸಾಲಿನಲ್ಲಿ ನಿಮ್ಮ ದನಿ ತಗ್ಗುತ್ತದೆ? ಆ ಸಾಲು ತೆಗೆಯಿರಿ, ಇಲ್ಲವೇ ಕೆಳಗೆ ಕಳಿಸಿ. ಬಡತನ ಆಟದ ಒಳಗೆ ಬಂದು ಏನಾದರೂ ಬದಲಾಯಿಸಿದ್ದರೆ ಮಾತ್ರ ಮೇಲೆ ಇಡಬಹುದು. ಗುಂಡಿ ಬಿದ್ದ ಲೇನ್ ಓಟವನ್ನೇ ಬದಲಾಯಿಸಿತ್ತು. ಸೋರುವ ಮಾಡು ಯಾವ ಪಟ್ಟನ್ನೂ ಬದಲಾಯಿಸಿರಲಿಲ್ಲ.

ಲಕ್ಷಣ: ಮೊದಲ ವಾಕ್ಯದಲ್ಲೇ ಉಸಿರುಗಟ್ಟುತ್ತದೆ

ಯಾವ ವರ್ಷ, ಯಾವ ಕೂಟ, ಯಾವ ವಿಭಾಗ, ಎಷ್ಟನೇ ಸ್ಥಾನ. ಆಮೇಲೆ ಇನ್ನೊಂದು ವರ್ಷ, ಇನ್ನೊಂದು ಕೂಟ. ಪದಕಗಳನ್ನೆಲ್ಲ ಒಂದೇ ಟೆಂಪೋಗೆ ಹೇರಿದ ಹಾಗೆ. ಕಾರಣ ಭಯ: ಇವರು ಯಾಕೆ ಮುಖ್ಯ ಅಂತ ಓದುಗರಿಗೆ ಬೇಗ ತಿಳಿಯದಿದ್ದರೆ ಬಿಟ್ಟುಹೋಗುತ್ತಾರೆ ಅನ್ನುವ ಭಯ. ಪದಕಗಳನ್ನು ಪಕ್ಕದ ಬಾಕ್ಸ್‌ಗೆ ಹಾಕಿ. ಇಂಟ್ರೋದಲ್ಲಿ ಒಂದೇ ಒಂದು ಅಂಕಿ ಇರಲಿ. ಅದೂ ಓದುಗರ ಬಾಯಲ್ಲಿ "ಹೌದಾ?" ಅನ್ನಿಸುವ ಅಂಕಿ.

ಲಕ್ಷಣ: ಮಂಜು, ಸೂರ್ಯ ಮತ್ತು ನಾನು

"ಬೆಳಗಿನ ಆರು ಗಂಟೆ. ತೆಳುವಾದ ಮಂಜು. ನಾನು ಬಸ್ ಇಳಿದು ಮೈದಾನದ ಕಡೆ ಹೆಜ್ಜೆ ಹಾಕಿದಾಗ..." ಸಂದರ್ಶನ ಯಾರದು, ನಿಮ್ಮದಾ? ಮೊದಲ ಮೂರು ವಾಕ್ಯ ಹೊಡೆದುಹಾಕಿ, ನಾಲ್ಕನೆಯದರಿಂದ ಓದಿ. ನೂರಕ್ಕೆ ತೊಂಬತ್ತು ಸಲ ಲೇಖನ ಅಲ್ಲಿಂದಲೇ ಶುರುವಾಗಿರುತ್ತದೆ. ಕಾವಲಿ ಮೇಲಿನ ಮೊದಲ ದೋಸೆಯನ್ನು ಭಟ್ಟರು ಗಿರಾಕಿಗೆ ಕೊಡುವುದಿಲ್ಲ, ಅಲ್ವಾ?

ಲಕ್ಷಣ: ದೊಡ್ಡವರ ನೆರಳು

ಹುಡುಗಿ ಓಡಿದರೆ "ಮತ್ತೊಬ್ಬ ಪಿ.ಟಿ. ಉಷಾ". ಹುಡುಗ ಚೆಂಡು ಹಿಡಿದರೆ "ಮತ್ತೊಬ್ಬ ದಾವಣಗೆರೆ ಎಕ್ಸ್‌ಪ್ರೆಸ್". ಆ ಹೆಸರು ವೇಗದ ಬೌಲರ್ ವಿನಯ್ ಕುಮಾರ್ ಅವರಿಗೆ ಸುಮ್ನೆ ಬಂದದ್ದಲ್ಲ. 2013-14 ಮತ್ತು 2014-15ರಲ್ಲಿ ಕರ್ನಾಟಕ ಸತತವಾಗಿ ರಣಜಿ ಗೆದ್ದಾಗ ಅವರೇ ನಾಯಕ. ಟೆನಿಸ್ ಬಾಲ್ ಟೂರ್ನಿಯಲ್ಲಿ ನಾಲ್ಕು ವಿಕೆಟ್ ತೆಗೆದ ಹುಡುಗನ ತಲೆ ಮೇಲೆ ಅದನ್ನು ಇಟ್ಟರೆ ಅವನ ಕುತ್ತಿಗೆ ನೋಯುತ್ತದೆ, ಓದುಗರು ನಗುತ್ತಾರೆ.

ಹೋಲಿಕೆ ಬೇಕೇ ಬೇಕು ಅಂದರೆ ಅದು ಆಟಗಾರರ ಬಾಯಿಂದ ಬರಲಿ, ನಿರ್ದಿಷ್ಟವಾಗಿ ಬರಲಿ. ಚಿತ್ರದುರ್ಗದಲ್ಲಿ ಒಬ್ಬ ಹರ್ಡಲ್ಸ್ ಹುಡುಗಿ ಉಷಾ ಹೆಸರು ತೆಗೆದಳು. ಯಾಕೆ ಅಂತ ಕೇಳಿದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಉಷಾಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಅದನ್ನು ಕೇಳಿದ ಮೇಲೆ ಈ ಹುಡುಗಿ ಅಭ್ಯಾಸದಲ್ಲೂ ಗೆರೆ ದಾಟುವಾಗ ಎದೆ ಮುಂದೆ ಚಾಚುವುದನ್ನು ರೂಢಿ ಮಾಡಿಕೊಂಡಳಂತೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ. ಅಲ್ಲಿ ಉಷಾ ಬರಬಹುದು, ಯಾಕೆಂದರೆ ಈ ಹುಡುಗಿಯ ದೇಹದಲ್ಲಿ ಆ ಹೋಲಿಕೆ ಕಾಣಿಸುತ್ತದೆ.

ಲಕ್ಷಣ: ನೋಟ್‌ಬುಕ್ಕೇ ಖಾಲಿ

ಎಲ್ಲ ಪುಟ ಹುಡುಕಿದರೂ ಏಳನೇ ಪುಟದಂಥ ಸಾಲು ಸಿಗುತ್ತಿಲ್ಲ. ಹಾಗಾದರೆ ದೋಷ ಬರವಣಿಗೆಯಲ್ಲಿ ಇಲ್ಲ, ಸಂದರ್ಶನದಲ್ಲಿ ಇದೆ. ಇದನ್ನು ಒಪ್ಪಿಕೊಳ್ಳಲು ಮುಜುಗರ ಆಗುತ್ತದೆ, ಆದರೆ ಒಪ್ಪಿಕೊಂಡರೆ ಅರ್ಧ ಕೆಲಸ ಮುಗಿಯಿತು. ಫೋನ್ ತೆಗೆದು ಮತ್ತೆ ಮಾತಾಡಿ. ಆಗಲ್ಲ ಅನ್ನುವವರು ಕಮ್ಮಿ.

ಸಂದರ್ಶನ ಖಾಲಿ ಬರುವುದಕ್ಕೆ ಮುಖ್ಯ ಕಾರಣ "ಹೇಗನ್ನಿಸ್ತು?" ಅನ್ನುವ ಪ್ರಶ್ನೆ. ಹೇಗನ್ನಿಸ್ತು ಅಂದರೆ "ತುಂಬಾ ಖುಷಿ ಆಯ್ತು ಸಾರ್, ತಂದೆ-ತಾಯಿ, ಕೋಚ್ ಕಾರಣ" ಅಂತಾರೆ. ಪಾಪ, ಅವರ ತಪ್ಪಿಲ್ಲ. ಆ ಪ್ರಶ್ನೆಗೆ ಬೇರೆ ಉತ್ತರ ಇಲ್ಲ. ಆಟದ ಒಳಗೆ ಇಳಿದು ಕೇಳಬೇಕು. ಅದಕ್ಕೆ ಆಟದ ನಿಯಮ ಸ್ವಲ್ಪ ಗೊತ್ತಿರಬೇಕು.

ಕುಸ್ತಿಯನ್ನೇ ತೆಗೆದುಕೊಳ್ಳಿ. ಮ್ಯಾಟ್ ಮೇಲೆ ಫ್ರೀಸ್ಟೈಲ್ ಪಂದ್ಯ ಮೂರು ಮೂರು ನಿಮಿಷದ ಎರಡು ಅವಧಿ, ನಡುವೆ 30 ಸೆಕೆಂಡ್ ಬಿಡುವು. ಆ 30 ಸೆಕೆಂಡ್‌ನಲ್ಲಿ ಉಸ್ತಾದ್ ನಿಮ್ಮ ಕಿವಿಯಲ್ಲಿ ಏನು ಹೇಳಿದರು ಅಂತ ಕೇಳಿ. ನನಗೆ ಒಮ್ಮೆ ಸಿಕ್ಕ ಉತ್ತರ: "ಏನೂ ಹೇಳ್ಲಿಲ್ರಿ. ಟವೆಲ್ ಕೊಟ್ಟು ನನ್ನ ಎಡಗಿವಿ ಹಿಂಡಿದ್ರು." ಆ ಹುಡುಗ ಎಡಗಡೆಯಿಂದ ಬರುವ ಹಿಡಿತವನ್ನು ಮರೆಯುತ್ತಿದ್ದನಂತೆ. ಕಿವಿ ಹಿಂಡಿದ್ದೇ ಪಾಠ, ಅದೇ ನನ್ನ ಇಂಟ್ರೋ.

ಖೋ-ಖೋದಲ್ಲಿ ಅಟ್ಟಿಸಿಕೊಂಡು ಹೋಗುವ ತಂಡದ ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬರ ಮುಖ ಈ ಕಡೆ, ಪಕ್ಕದವರದು ಆ ಕಡೆ. ಒಂಬತ್ತನೆಯವರು ಮಾತ್ರ ಓಡುತ್ತಾರೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆದು ಭಾರತದ ಎರಡೂ ತಂಡ ಗೆದ್ದ ಮೇಲೆ ಎಲ್ಲರೂ ಓಟದ ಬಗ್ಗೆಯೇ ಕೇಳುತ್ತಾರೆ. ನಾನು ಕೂತಿರುವಾಗಿನ ಬಗ್ಗೆ ಕೇಳುತ್ತೇನೆ. ಬೆನ್ನ ಹಿಂದೆ ಏನು ನಡೆಯುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ? ಎದುರಾಳಿಯ ನೆರಳು ನೋಡುತ್ತೇನೆ ಅಂದವರಿದ್ದಾರೆ. ಕಾಲಿನ ಸದ್ದು ಅಂದವರಿದ್ದಾರೆ. ಒಬ್ಬ ಹುಡುಗಿ "ನಮ್ಮೋರ ಉಸಿರು" ಅಂದಳು.

800 ಮೀಟರ್ ಓಟದವರಿಗಾದರೆ ಕೊನೆ ಸುತ್ತಿನ ಗಂಟೆ ಹೊಡೆದಾಗ ಯಾರ ಬೆನ್ನು ನೋಡುತ್ತಿದ್ದಿರಿ ಅಂತ ಕೇಳಬಹುದು. ಈ ಓಟದಲ್ಲಿ ಮೊದಲ ಸುತ್ತು ಬೇಗ, ಎರಡನೆಯದು ನಿಧಾನ ಆಗುವುದೇ ಜಾಸ್ತಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕೀನ್ಯಾದ ಡೇವಿಡ್ ರುಡಿಷಾ 1 ನಿಮಿಷ 40.91 ಸೆಕೆಂಡ್‌ನ ವಿಶ್ವದಾಖಲೆ ಮಾಡಿದಾಗಲೂ ಮೊದಲ ಸುತ್ತು 49.28, ಎರಡನೆಯದು ಅದಕ್ಕಿಂತ ಎರಡು ಸೆಕೆಂಡಿಗೂ ಜಾಸ್ತಿ ಹೊತ್ತು. ಅಂಥವರಿಗೇ ಕಾಲು ಭಾರ ಆಗುತ್ತದೆ ಅಂದರೆ ನಮ್ಮ ಹುಡುಗರಿಗೆ ಎಲ್ಲಿ ಆಗುತ್ತದೆ? ಯಾವ ಮರದ ಹತ್ತಿರ? ಹೀಗೆ ಕೇಳಿದರೆ ಜಾಗ ತೋರಿಸುತ್ತಾರೆ. ಜಾಗ ತೋರಿಸಿದರು ಅಂದರೆ ಇಂಟ್ರೋ ಸಿಕ್ಕಿತು ಅಂತಲೇ ಲೆಕ್ಕ.

ಇನ್ನೊಂದು ಮಾತು. ಹೋಟೆಲಿನಲ್ಲಿ ಕೂತು ಮಾತಾಡಿಸಿದ ಸಂದರ್ಶನಕ್ಕಿಂತ ಒಂದು ದಿನದ ಅಭ್ಯಾಸ ನೋಡಿ ಬಂದದ್ದು ಯಾವಾಗಲೂ ಮೇಲು. ಬೆಳಗ್ಗೆ ಏಳಬೇಕು, ಅದೊಂದೇ ಕಷ್ಟ.

ಲಕ್ಷಣ: ಇಂಟ್ರೋ ಚೆನ್ನಾಗಿದೆ, ಆದರೆ ಸುಳ್ಳು

ಅಂಕಿ, ಊರು, ವರ್ಷ. ಇವು ತಪ್ಪಾದರೆ ಎಷ್ಟು ಚೆಂದ ಬರೆದರೂ ಹೋಯಿತು.

ನಮ್ಮ ಭಾಗದಲ್ಲಿ ಒಂದು ಗುಂಡಿ ಇದೆ, ಹುಷಾರು. ಹಳೇ ಪೈಲ್ವಾನರ ಬಗ್ಗೆ ಬರೆಯುವಾಗ "1985ರಲ್ಲಿ ದಾವಣಗೆರೆ ಜಿಲ್ಲೆಗೆ ಕೀರ್ತಿ ತಂದ" ಅಂತ ಶುರು ಮಾಡಬೇಡಿ. ದಾವಣಗೆರೆ ಜಿಲ್ಲೆ ಆದದ್ದೇ 1997ರಲ್ಲಿ. ಅಲ್ಲಿಯವರೆಗೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಲ್ಲಿದ್ದವು. ಹರಪನಹಳ್ಳಿ ಬಳ್ಳಾರಿಯಿಂದ ಬಂತು, ಆಮೇಲೆ ವಾಪಸ್ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಅಜ್ಜನ ಸರ್ಟಿಫಿಕೇಟ್‌ನಲ್ಲಿ ಒಂದು ಜಿಲ್ಲೆ, ಮೊಮ್ಮಗನದರಲ್ಲಿ ಇನ್ನೊಂದು. ಇಬ್ಬರೂ ಅದೇ ಗರಡಿಯವರು. ಯಾರಿಗಾದರೂ ಇದೇ ಒಂದು ಇಂಟ್ರೋ ಆದೀತು.

ಸಮಯದ ಅಂಕಿಯಲ್ಲೂ ಗೊಂದಲ ಆಗುತ್ತದೆ. ಸ್ಟಾಪ್‌ವಾಚ್ ಒತ್ತಿ ಹಿಡಿದ ಸಮಯ ಬೇರೆ, ಎಲೆಕ್ಟ್ರಾನಿಕ್ ಸಮಯ ಬೇರೆ. ಮಿಲ್ಖಾ ಸಿಂಗ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಡಿದ್ದಕ್ಕೆ ಒಂದು ಕಡೆ 45.6 ಅಂತ, ಇನ್ನೊಂದು ಕಡೆ 45.73 ಅಂತ ಕಾಣುತ್ತದೆ. ಎರಡೂ ಸರಿ. ಮೊದಲನೆಯದು ಕೈಯಲ್ಲಿ ಒತ್ತಿದ ಸ್ಟಾಪ್‌ವಾಚ್‌ನದ್ದು, ಎರಡನೆಯದು ಯಂತ್ರದ್ದು. ನಿಮ್ಮ ಆಟಗಾರ ಹೇಳಿದ ಸಮಯ ಯಾವ ಬಗೆಯದು ಅಂತ ಕೇಳಿಕೊಳ್ಳಿ. ಕೈಯಲ್ಲಿ ಹಿಡಿದದ್ದು ಸಾಮಾನ್ಯವಾಗಿ ಸ್ವಲ್ಪ ಕಮ್ಮಿ ತೋರಿಸುತ್ತದೆ.

ಇನ್ನೂ ಬಗೆಹರಿಯದ ಒಂದು ದೋಷ

ಸೋತವರ ಇಂಟ್ರೋ. ಇದಕ್ಕೆ ನನ್ನ ಹತ್ತಿರ ಇನ್ನೂ ಮದ್ದಿಲ್ಲ.

ಮೇಲೆ ಹೇಳಿದ ಬೆಣ್ಣೆ ನಗರಿಯ ಪೈಲ್ವಾನನದೇ ಕಥೆ. 57 ಕೆಜಿ ವಿಭಾಗ. ಬೆಳಗ್ಗೆ ಕಾಟಾ ಮೇಲೆ ನಿಂತರೆ 200 ಗ್ರಾಂ ಜಾಸ್ತಿ. ಓಡಿದ, ಬೆವರು ಹರಿಸಿದ, ತಲೆಗೂದಲು ಕತ್ತರಿಸಿಕೊಂಡ. ಸಮಯ ಮುಗಿಯಿತು. ಒಂದು ಕುಸ್ತಿಯನ್ನೂ ಆಡದೆ ಬಸ್ ಹತ್ತಿ ವಾಪಸ್ ಬಂದ. ಲೇಖನ ಬೇಡ ಅನ್ನಲಿಲ್ಲ, "ಬರೀರಿ ಅಣ್ಣಾ, ನನ್ನಂಗೆ ಇನ್ನೊಬ್ರು ಆಗಬಾರ್ದು" ಅಂದ.

ಮೊದಲ ಸಲ ವಿನೇಶ್ ಫೋಗಟ್ ಅವರಿಂದ ಶುರು ಮಾಡಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 50 ಕೆಜಿ ಫೈನಲ್ ದಿನ 100 ಗ್ರಾಂ ಜಾಸ್ತಿಯಾಗಿ ಅನರ್ಹರಾದದ್ದು ಎಲ್ಲರಿಗೂ ಗೊತ್ತು. ಆದರೆ ಅದು ನಾನೇ ಬೈದ ದೊಡ್ಡವರ ನೆರಳು. ಹೊಡೆದುಹಾಕಿದೆ. ಎರಡನೇ ಸಲ ಕತ್ತರಿಸಿದ ಕೂದಲಿನಿಂದ ಶುರು ಮಾಡಿದೆ. ಮನೆಯವರ ಮುಂದೆ ಓದಿದರೆ ದನಿ ತಗ್ಗುತ್ತದೆ ಅನ್ನಿಸಿತು. ಅದೂ ಹೋಯಿತು. ಮೂರನೇ ಸಲ ಅವನ ಉಸ್ತಾದರ ಮಾತಿನಿಂದ. ಅವರು ಆಡಿದ್ದು ಒಂದೇ ಮಾತು, ಅದನ್ನು ಅಚ್ಚು ಹಾಕಲು ಬರುವುದಿಲ್ಲ.

ನೋಟ್‌ಬುಕ್ ಮತ್ತೆ ನೋಡಿದೆ. ಅವನ ಅಭ್ಯಾಸವನ್ನು ನಾನು ನೋಡಿಯೇ ಇಲ್ಲ. ಮಾತಾಡಿಸಿದ್ದು ಬಸ್ ಸ್ಟ್ಯಾಂಡಿನಲ್ಲಿ, ಇಪ್ಪತ್ತು ನಿಮಿಷ. ನಿನ್ನೆ ಫೋನ್ ಮಾಡಿದೆ. "ಐದೂವರೆಗೆ ಬರ್ರಿ ಅಣ್ಣಾ, ಈ ವಾರ ಗರಡಿ ಮಣ್ಣು ಅಗಿಯೋದು ನನ್ನ ಪಾಳಿ" ಅಂದ. ನಾಳೆ ಹೋಗುತ್ತಿದ್ದೇನೆ. ಸದ್ಯಕ್ಕೆ ಪುಟದಲ್ಲಿ ಇರುವುದು ಅರ್ಧ ಸಾಲು: "ಬೆಣ್ಣೆ ದೋಸೆ ಬಿಟ್ಟು ಒಂದೂವರೆ ತಿಂಗಳು, ಮತ್ತೆ".